ಹಡಗಿಗೆ ಮೊದಲು ದೋಣಿ

ನಿವೃತ್ತರಾದವರಿಗೆ ಹೊತ್ತು ಹೋಗುವುದಿಲ್ಲವೆಂಬುದು ನಮ್ಮ ಮಕ್ಕಳ ದೃಢವಾದ ನಂಬಿಕೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಈಗ ಬಹಳ. ಅವರು ರಜೆಗೆ ಬರುವಾಗ ತಂದೆಗೆಂದು ತರುವ ಉಡುಗೊರೆಗಳಲ್ಲಿ ಮರದ ಹಡಗಿನ ಮಾದರಿ ಕಟ್ಟುವ ಪೆಟ್ಟಿಗೆಯೂ ಸೇರಿಕೊಂಡಿದೆ. ಪರಿಚಿತರ ಮನೆಗಳಲ್ಲಿ ಅಂಥ ಪೆಟ್ಟಿಗೆಗಳನ್ನು ನೋಡಿದ್ದೇನೆ. ಹೆಚ್ಚಿನವು ಇರುವುದು ಅಟ್ಟದ ಮೇಲೆ, ಒರಲೆಗೆ ಆಹಾರವಾಗುವ ದಿನವನ್ನು ಕಾಯುತ್ತ. ಇದಕ್ಕೆ ಪಡೆದವರ ಸೋಮಾರಿತನ ಕಾರಣವಲ್ಲ, ಆಯ್ಕೆಯೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಪೆಟ್ಟಿಗೆಯ ಮುಚ್ಚಳದ ಚಿತ್ರ ನೋಡಿ ಕೊಳ್ಳುತ್ತಾರೆ. ಮೂರು ಕೂವೆ, ಹತ್ತಾರು ಹಾಯಿ, ಸಾಲುಸಾಲು ಫಿರಂಗಿ! ಎಲ್ಲರ ಕಣ್ಣೂ ಬೀಳುವುದು ‘ವಿಕ್ಟರಿ’ಯ ಮೇಲೆ. 1765ರಲ್ಲಿ ನೀರಿಗಿಳಿದ, 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನ ನೌಕೆಯಾಗಿದ್ದ, 104 ಫಿರಂಗಿಗಳ ಹಡಗು ಅದು. ಇಂದಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿದೆ. ನೂರರಲ್ಲೊಂದು ಪಾಲಿಗೆ ಇಳಿಸಿದರೂ ಮಾದರಿ ಒಂದು ಮೀಟರಿನ ಹತ್ತಿರ ಬರುತ್ತದೆ. ಮುಗಿಯಲು ವರ್ಷಗಳು ಬೇಕು. ಉಳಿ ಹಿಡಿದು ಅಭ್ಯಾಸವಿಲ್ಲದ ಕೈಗೆ ಇದನ್ನು ಕೊಡುವುದೆಂದರೆ, ವರ್ಣಮಾಲೆ ಕಲಿಯುವ ಮಗುವಿನ ಮುಂದೆ ಪಂಪಭಾರತ ಇಟ್ಟಂತೆ.

ಇದರ ಕಟ್ಟಡದ ಕ್ರಮ ತಿಳಿದರೆ ಕಷ್ಟ ಎಲ್ಲಿದೆಯೆಂಬುದು ತಿಳಿಯುತ್ತದೆ. ನಡುವೆ ಬೆನ್ನೆಲುಬಿನಂಥ ಒಂದು ಉದ್ದ ಹಲಗೆ. ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳಂತೆ ಹತ್ತಾರು ಬಿಲ್ಲೆಗಳು. ಅವುಗಳ ಅಂಚನ್ನು ಉಪ್ಪುಕಾಗದದಿಂದ ತೀಡಿ ಓರೆ ಮಾಡಬೇಕು, ಇಲ್ಲವಾದರೆ ಮೇಲೆ ಹೊದಿಸುವ ಪಟ್ಟಿ ಒಂದರ ಮೇಲೆ ಕುಳಿತು ಮುಂದಿನದರ ಮೇಲೆ ಎದ್ದು ನಿಲ್ಲುತ್ತದೆ. ಆಮೇಲೆ ಒಂದೂವರೆ–ಎರಡು ಮಿಲಿಮೀಟರ್ ದಪ್ಪದ ಪಟ್ಟಿಗಳ ಹೊದಿಕೆ. ಹಲವು ಪೆಟ್ಟಿಗೆಗಳಲ್ಲಿ ಅದರ ಮೇಲೆ ಅರ್ಧ ಮಿಲಿಮೀಟರಿನ ಎರಡನೆಯ ಹೊದಿಕೆಯೂ ಇರುತ್ತದೆ. ಹಡಗಿನ ಹೊಟ್ಟೆ ಅಗಲ, ಮೂತಿ ಕಿರಿದು. ಆದ್ದರಿಂದ ಪ್ರತಿಯೊಂದು ಪಟ್ಟಿಯನ್ನೂ ತುದಿಯ ಕಡೆಗೆ ಸಣ್ಣಗೆ ಕೆತ್ತಲೇಬೇಕು. ಈ ಒಂದು ಮಾತನ್ನು ಸೂಚನಾಪುಸ್ತಕಗಳು ಒಂದೇ ಸಾಲಿನಲ್ಲಿ ದಾಟಿಸುತ್ತವೆ. ಕೆಲಸ ಕೆಡುವುದು ಅಲ್ಲಿಯೇ. ಪಟ್ಟಿಯನ್ನು ಬಾಗಿಸುವ ವಿದ್ಯೆಯನ್ನು ಮಾತ್ರ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಅಡಿಕೆ ಹಾಳೆಯನ್ನು ನೆನೆಸಿ ಟೊಪ್ಪಿ ಹೊಲಿದ ನಾಡು ಇದು. ಮರವೂ ಹಾಗೆಯೇ, ನೆನೆದರೆ ಮಾತು ಕೇಳುತ್ತದೆ.

ಆದುದರಿಂದ ಮೊದಲು ಕೊಳ್ಳಬೇಕಾದದ್ದು ಚಿಕ್ಕ ದೋಣಿ. ಅಮೆರಿಕದ ಮಾಡೆಲ್ ಶಿಪ್‌ವೇಸ್ ಎಂಬ ಸಂಸ್ಥೆ ಹೊಸಬರಿಗೆಂದೇ ಕ್ರಮವಾಗಿ ಕಠಿಣವಾಗುತ್ತ ಹೋಗುವ ಮೂರು ದೋಣಿಗಳನ್ನು ರೂಪಿಸಿದೆ. ಮೊದಲನೆಯದು ಡೋರಿ, ಚಪ್ಪಟೆ ತಳದ ಮೀನುದೋಣಿ, ಅಳತೆ 1:24. ಪಾಠಕ್ರಮ ಎಂದರೆ ಹೀಗಿರಬೇಕು. ಅದು ಮುಗಿದ ಮೇಲೆ ಎರಡು ಕೂವೆಯ ‘ಬ್ಲೂನೋಸ್’ಗೆ ಕೈಹಾಕಬಹುದು. 1921ರಲ್ಲಿ ಕೆನಡಾದಲ್ಲಿ ನೀರಿಗಿಳಿದ ಆ ಮೀನುಹಡಗು ತನ್ನ ಮೇಲೆ ಇಂಥ ಡೋರಿಗಳನ್ನೇ ಹೊತ್ತು ಸಾಗುತ್ತಿತ್ತು. ನಾನು ಇದೇ ಕ್ರಮದಲ್ಲಿ ಎರಡನ್ನೂ ಕಟ್ಟಿದ್ದೇನೆ. ಡೋರಿ ಕಲಿಸಿದ್ದರಿಂದ ಎರಡನೆಯದು ಭಾರವೆನಿಸಲಿಲ್ಲ.

ಮಲೆನಾಡಿನವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಅದು ಯಾವ ಸೂಚನಾಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಆಷಾಢದ ತೇವದಲ್ಲಿ ಉಬ್ಬಿದ ಪಟ್ಟಿಯನ್ನು ಅಂಟಿಸಿದರೆ ಫಾಲ್ಗುಣದಲ್ಲಿ ಅದು ಕುಗ್ಗಿ ಸಂದು ಬಿಡುತ್ತದೆ. ಹೊದಿಕೆಯ ಕೆಲಸ ದೀಪಾವಳಿಯಿಂದ ಯುಗಾದಿಯೊಳಗೆ ಮುಗಿಯಬೇಕು. ಮಳೆಗಾಲಕ್ಕೆ ರಾಟೆ, ಕೂವೆ, ಚಿಕ್ಕಪುಟ್ಟ ಕೆತ್ತನೆಗಳನ್ನು ಇಟ್ಟುಕೊಳ್ಳಬಹುದು. ಹಗ್ಗಕ್ಕೆ ಜೇನುಮೇಣ ತೀಡುವುದನ್ನು ಮರೆಯಬಾರದು.

ಮರದ ವಿಷಯದಲ್ಲೂ ಪೆಟ್ಟಿಗೆಯನ್ನೇ ನಂಬಬೇಕಾಗಿಲ್ಲ. ನಿಜವಾದ ಹಡಗಿಗೆ ಸಾಗುವಾನಿ ಶ್ರೇಷ್ಠ. ಮುಂಬಯಿಯ ವಾಡಿಯಾ ಮನೆತನದವರು 1817ರಲ್ಲಿ ಸಾಗುವಾನಿಯಿಂದ ಕಟ್ಟಿದ ‘ಟ್ರಿಂಕೋಮಲಿ’ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಆದರೆ ಮಾದರಿಗೆ ಸಾಗುವಾನಿ ಸಲ್ಲ. ಅದರ ಎಳೆಯ ರಂಧ್ರಗಳು ಅಷ್ಟು ಚಿಕ್ಕ ಹಲಗೆಯ ಮೇಲೆ ಹೊಂಡಗಳಂತೆ ಕಾಣುತ್ತವೆ. ಹಗುರವಾಗಿ, ನವುರಾಗಿ ಕೆತ್ತಲು ಬರುವ ನಮ್ಮ ಶಿವನೆ ಮರ ಎಷ್ಟೋ ಮೇಲು. ಸಾಗರ–ಸೊರಬಗಳ ಗುಡಿಗಾರರು ಶ್ರೀಗಂಧದಲ್ಲಿ, ದಂತದಲ್ಲಿ, ಬಾಸಿಂಗದ ಬೆಂಡಿನಲ್ಲಿ ಎಂಥೆಂಥ ಸೂಕ್ಷ್ಮವನ್ನು ತೆಗೆದಿದ್ದಾರೆ! ಅವರ ಮುಂದೆ ಒಂದು ಮಧ್ಯಾಹ್ನ ಕುಳಿತು ಉಳಿ ಹಿಡಿಯುವ ಬಗೆಯನ್ನು ನೋಡಿದರೆ ಆಮದಿನ ಪುಸ್ತಕಗಳ ಅಗತ್ಯ ಅರ್ಧಕ್ಕೆ ಇಳಿಯುತ್ತದೆ.

ಸಮುದ್ರವಿಲ್ಲದ ಊರಿನವರಿಗೆ ಹಡಗಿನ ಹುಚ್ಚೇಕೆ ಎಂದು ಕೇಳುವವರುಂಟು. ಇಕ್ಕೇರಿಯಿಂದ, ಆಮೇಲೆ ಬಿದನೂರಿನಿಂದ ಆಳಿದ ಕೆಳದಿಯ ಅರಸರಿಗೆ ಈ ಪ್ರಶ್ನೆ ಹಾಸ್ಯಾಸ್ಪದವಾಗಿ ಕಂಡೀತು. ಘಟ್ಟದ ಮೆಣಸು ಕರಾವಳಿಯ ಬಂದರುಗಳಿಂದಲೇ ಹಡಗು ಹತ್ತುತ್ತಿತ್ತು. ಶಿವಪ್ಪನಾಯಕನು ಪೋರ್ಚುಗೀಸರೊಡನೆ ಕಾದಾಡಿದ್ದೂ ಆ ಬಂದರುಗಳಿಗಾಗಿಯೇ. ಕೆಳಗಿನ ಕಾರವಾರದಲ್ಲಿ 21 ಮೇ 2025ರಂದು ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ವನ್ನು ನೆನೆಯಿರಿ. ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಹಡಗು ಅದು. ಅದಕ್ಕೆ ಹಳೆಯ ನಕ್ಷೆಯೇ ಇರಲಿಲ್ಲ. ಅಜಂತೆಯ ಐದನೆಯ ಶತಮಾನದ ಒಂದು ಚಿತ್ರವನ್ನು ಆಧರಿಸಿ ವಿನ್ಯಾಸ ಮಾಡಿದರು, ಮದ್ರಾಸಿನ ಐಐಟಿಯಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದರು. ಮಾದರಿ ಕಟ್ಟುವುದು ಮಕ್ಕಳಾಟವೆನ್ನುವವರಿಗೆ ಇಷ್ಟು ಸಾಕು.

ಚಿತ್ರವೊಂದು ಉಳಿದದ್ದರಿಂದ ಆ ಹಡಗು ಮರಳಿ ಬಂತು. ನಮ್ಮ ಶರಾವತಿಯ ಲಾಂಚಿಗೆ ಏನು ಉಳಿಯುತ್ತದೆ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಹಿನ್ನೀರು ನಿಂತ ಮೇಲೆ ತುಮರಿಯ ಕಡೆಯವರಿಗೆ ಹೊಳೆಬಾಗಿಲಿನ ಲಾಂಚೇ ದಾರಿ. ಬಾಣಂತಿಯರು, ಪರೀಕ್ಷೆಗೆ ಹೋಗುವ ಮಕ್ಕಳು, ಅಡಿಕೆ ಮೂಟೆಗಳು, ಸಿಗಂದೂರಿಗೆ ಹೊರಟ ಭಕ್ತರು, ಕೊನೆಗೆ ಬಸ್ಸು ಸಹ ಅದರ ಮೇಲೆಯೇ ದಾಟಿತು. 14 ಜುಲೈ 2025ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆಗಬೇಕಾದದ್ದೇ ಆಯಿತು, ಅರವತ್ತು ವರ್ಷ ಕಾದ ಜನರಿಗೆ ಅದು ಹಕ್ಕು. ಆದರೆ ಕೆಲಸ ಕಳೆದುಕೊಂಡ ಕಬ್ಬಿಣಕ್ಕೆ ಗುಜರಿಯವನ ತಕ್ಕಡಿಯೇ ಗತಿಯಾಗುವುದು ಲೋಕರೂಢಿ. ಸಾವಿರಾರು ಮೈಲಿ ದೂರದ ನೆಲ್ಸನ್ನನ ಹಡಗನ್ನು ನಮ್ಮ ಜಗುಲಿಯಲ್ಲಿ ಮತ್ತೊಮ್ಮೆ ಕಟ್ಟುವುದಕ್ಕಿಂತ, ಯಾವ ಪೆಟ್ಟಿಗೆಯಲ್ಲೂ ಬಾರದ ಈ ಲಾಂಚನ್ನು ಕಟ್ಟುವುದು ನಮ್ಮ ಕೆಲಸವೆಂದು ನನಗೆ ತೋರುತ್ತದೆ.

ಡೋರಿ ಕಟ್ಟಿದವರಿಗೆ ಇದು ಕಷ್ಟವೂ ಅಲ್ಲ. ಒಡಲು ಹೆಚ್ಚುಕಡಿಮೆ ಪೆಟ್ಟಿಗೆಯಾಕಾರ, ಬಾಗಿಸುವ ಕೆಲಸ ಅತ್ಯಲ್ಪ. ಶಿವನೆಯ ಹಲಗೆಯನ್ನು ಚೆನ್ನಾಗಿ ತೀಡಿ, ದಪ್ಪ ಕಾಗದದ ತುಂಡುಗಳನ್ನು ಅಂಟಿಸಿ ಬಣ್ಣ ಬಳಿದರೆ ಕಬ್ಬಿಣದ ತಗಡಿನಂತೆಯೇ ಕಾಣುತ್ತದೆ. 1:48ರ ಅಳತೆ ಅನುಕೂಲ: ಹತ್ತು ಮೀಟರಿನ ಬಸ್ಸು ಒಂದು ಗೇಣಿಗೆ ಬರುತ್ತದೆ. ಬೇಕಾದದ್ದು ಹಳೆಯ ಲಾಂಚುಗಳ ಫೋಟೊ, ಅದರಲ್ಲೂ ಪಕ್ಕದಿಂದ ತೆಗೆದದ್ದು. ಮೇಲೆ ಬಸ್ಸೋ ಜೀಪೋ ನಿಂತಿದ್ದರೆ ಅದರ ಉದ್ದದಿಂದ ಉಳಿದ ಅಳತೆಗಳನ್ನು ಲೆಕ್ಕ ಹಾಕಬಹುದು. ಮದುವೆ ದಿಬ್ಬಣ ದಾಟುವಾಗ ತೆಗೆಸಿದ ಫೋಟೊಗಳು ಕರೂರು, ಬಾರಂಗಿ ಹೋಬಳಿಗಳ ಎಷ್ಟೋ ಮನೆಗಳ ಆಲ್ಬಮ್ಮುಗಳಲ್ಲಿ ಇರಲೇಬೇಕು. ಇದ್ದವರು ದಯವಿಟ್ಟು ತಿಳಿಸಿ, ನಾನೇ ಬಂದು ಪ್ರತಿ ಮಾಡಿಕೊಂಡು ಅಲ್ಲಿಯೇ ಹಿಂದಿರುಗಿಸುತ್ತೇನೆ.