ಬಾಟಲಿ ತೂರುವ ಮುನ್ನ

ಮಗ ಬಾರ್‌ಟೆಂಡಿಂಗ್ ಕಲಿಯುತ್ತೇನೆ ಎಂದರೆ ಮನೆಯವರಿಗೆ ಮೊದಲು ಹುಟ್ಟುವ ಭಯ, ಇವನು ಕುಡುಕನಾಗಿಬಿಟ್ಟರೆ ಎಂಬುದು. ಭಯ ನಿರಾಧಾರವೇನಲ್ಲ, ದಿನವೂ ಬಾಟಲಿಗಳ ನಡುವೆ ನಿಲ್ಲುವವನಿಗೆ ಆಮಿಷ ಇದ್ದೇ ಇರುತ್ತದೆ. ಆದರೆ ಬೆರೆಸಿದ ಪಾನೀಯವನ್ನು ಬಾರ್‌ಟೆಂಡರ್ ಹೇಗೆ ರುಚಿ ನೋಡುತ್ತಾನೆ ಎಂಬುದನ್ನು ಗಮನಿಸಿ. ಸ್ಟ್ರಾ ಅದ್ದಿ, ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ, ಒಂದೆರಡು ಹನಿಯನ್ನಷ್ಟೇ ನಾಲಿಗೆಗೆ ಬಿಟ್ಟುಕೊಳ್ಳುತ್ತಾನೆ. ಅಮಲೇರಿದರೆ ಹುಳಿ-ಸಿಹಿಯ ಹದವೂ ತಪ್ಪುತ್ತದೆ, ಬಿಲ್ಲಿನ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಕುಡಿತ ಈ ಕಸುಬಿನ ಅನಿವಾರ್ಯ ಫಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ.

ಕಲಿಯಹೊರಟವರ ಕಲ್ಪನೆ ಬೇರೆಯೇ. 1988ರಲ್ಲಿ ಟಾಮ್ ಕ್ರೂಸ್ ನಟಿಸಿದ ‘ಕಾಕ್‌ಟೇಲ್’ ಚಿತ್ರ ಬಂದಾಗಿನಿಂದ ಬಾರ್‌ಟೆಂಡರ್ ಎಂದರೆ ಬಾಟಲಿ ತೂರಿ ಹಿಡಿಯುವವನು ಎಂಬ ಚಿತ್ರ ಅನೇಕರ ತಲೆಯಲ್ಲಿ ಕೂತಿದೆ. ನೋಡಲು ಸೊಗಸೇ. ಆದರೆ ತೂರಿದ್ದರಿಂದ ಲೋಟದೊಳಗಿನ ರುಚಿ ಬದಲಾಗುವುದಿಲ್ಲ; ಬದಲಾಯಿಸುವುದು ಐಸ್. ಹಣ್ಣಿನ ರಸವಿದ್ದರೆ ಶೇಕರಿನಲ್ಲಿ ಜೋರಾಗಿ ಕುಲುಕುತ್ತಾರೆ, ಬರೀ ಮದ್ಯಗಳಾದರೆ ಉದ್ದ ಚಮಚದಿಂದ ನಿಧಾನವಾಗಿ ಕಲಕುತ್ತಾರೆ. ಎರಡರಲ್ಲೂ ಐಸ್ ಕರಗಿ ನೀರು ಸೇರುತ್ತದೆ. ಕೊನೆಗೆ ಲೋಟದಲ್ಲಿರುವುದರ ಸುಮಾರು ಕಾಲು ಭಾಗ ಆ ನೀರೇ ಇರಬಹುದು. ನೀರು ಬೆರೆಸಿದ್ದಾರೆ ಎಂಬುದು ನಮ್ಮಲ್ಲಿ ಮೋಸದ ದೂರು. ಕಾಕ್‌ಟೇಲಿನ ಮಟ್ಟಿಗಾದರೂ ಆ ನೀರು ಪಾಕದ ಭಾಗ. ಅದು ಕಡಿಮೆಯಾದರೆ ಗಂಟಲು ಸುಡುತ್ತದೆ, ಹೆಚ್ಚಾದರೆ ಸಪ್ಪೆ. ಯಾವಾಗ ನಿಲ್ಲಿಸಬೇಕೆಂಬುದನ್ನು ಲೋಹದ ಶೇಕರಿನ ತಂಪಿನಿಂದ ಕೈ ತಿಳಿದುಕೊಳ್ಳುತ್ತದೆ. ಕಲಿಯಲು ತಿಂಗಳುಗಳು ಬೇಕಾಗುವುದು ಇದಕ್ಕೇ.

ನೂರಾರು ಪಾಕ ಬಾಯಿಪಾಠವಾಗಬೇಕು ಎಂಬುದೂ ಅಷ್ಟೇನೂ ನಿಜವಲ್ಲ. 60 ಮಿ.ಲೀ. ರಮ್, 30 ಮಿ.ಲೀ. ಲಿಂಬೆರಸ, ಅದಕ್ಕಿಂತ ತುಸು ಕಡಿಮೆ ಸಕ್ಕರೆ ಪಾಕ: ಹೆಚ್ಚುಕಡಿಮೆ ಇಷ್ಟೇ ಡಾಕಿರಿ. ರಮ್ಮಿನ ಜಾಗಕ್ಕೆ ಟಕೀಲಾ, ಪಾಕದ ಜಾಗಕ್ಕೆ ಕಿತ್ತಳೆಯ ಲಿಕರ್ ಬಂದರೆ ಮಾರ್ಗರೀಟಾ. ಲಿಂಬೆ ಪಾನಕದ ಹದವನ್ನು ನಾಲಿಗೆಯಿಂದಲೇ ತೀರ್ಮಾನಿಸುವ ಮನೆಗಳಿಗೆ ಈ ಲೆಕ್ಕ ಹೊಸದಲ್ಲ.

ಹೆಣ್ಣುಮಕ್ಕಳಿಗೆ ಈ ಕಸುಬು ಸಲ್ಲದು ಎಂಬ ಮಾತು ಕಾನೂನಿನಲ್ಲೂ ಇತ್ತು. ದೆಹಲಿಗೆ ಅನ್ವಯಿಸುತ್ತಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆ, ಜನ ಕೂತು ಮದ್ಯ ಕುಡಿಯುವ ಜಾಗಗಳಲ್ಲಿ ಮಹಿಳೆಯರು ದುಡಿಯುವುದನ್ನು ತಡೆಯುತ್ತಿತ್ತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ಎತ್ತಿಹಿಡಿಯಲಿಲ್ಲ. ರಕ್ಷಣೆ ಕೊಡಬೇಕೇ ಹೊರತು ಕೆಲಸ ಕಸಿಯಬಾರದು ಎಂಬುದು ಅದರ ತರ್ಕದ ಸಾರ. ಆದರೂ ನಡುರಾತ್ರಿ ಮನೆ ಸೇರುವುದು ಹೇಗೆಂಬ ಪ್ರಶ್ನೆಯನ್ನು ತೀರ್ಪೊಂದೇ ಬಗೆಹರಿಸದು ಎಂದು ನೀವು ಹೇಳಿದರೆ, ನನ್ನ ತಕರಾರಿಲ್ಲ.

ಇನ್ನು, ಇಷ್ಟವಾದ ಹವ್ಯಾಸವನ್ನೇ ವೃತ್ತಿ ಮಾಡಿಕೊಳ್ಳಿ ಎಂಬ ಜನಪ್ರಿಯ ಸಲಹೆ. ಮನೆಯಲ್ಲಿ ಒಂದು ಶೇಕರ್, ಒಂದು ಅಳತೆ ಕಪ್ಪು, ನಾಲ್ಕು ಲಿಂಬೆ ಸಾಕು. ಕೆಟ್ಟರೆ ಸಿಂಕಿಗೆ ಸುರಿಯಬಹುದು. ಬಾರಿನಲ್ಲಿ ಬಾಗಿಲು ತೆರೆಯುವ ಮೊದಲೇ ರಾಶಿ ಲಿಂಬೆ ಹಿಂಡಬೇಕು, ಗಂಟೆಗಟ್ಟಲೆ ನಿಂತೇ ಇರಬೇಕು, ಮುಚ್ಚುವಾಗ ಬಾಟಲಿಗಳ ಸ್ಟಾಕ್ ಲೆಕ್ಕ ಒಪ್ಪಿಸಬೇಕು. ಇದಕ್ಕಿಂತ ಕಷ್ಟದ್ದು, ದಿನಾ ಬರುವ ಗಿರಾಕಿಗೆ ‘ಇವತ್ತಿಗೆ ಸಾಕು ಸಾರ್’ ಎಂದು ಅವನ ಮರ್ಯಾದೆ ಹೋಗದಂತೆ ಹೇಳುವುದು. ನಮ್ಮ ಊರಿನ ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ‘ಒಂದು ನೈಂಟಿ’ ಎಂಬ ಕೂಗಿಗೆ ಅಳೆದು ಕೊಡುವ ಕೌಂಟರಿನವನು ಇದನ್ನೆಲ್ಲ ವರ್ಷಗಳಿಂದ ಮಾಡುತ್ತಿದ್ದಾನೆ. ಅವನನ್ನು ಯಾರೂ ಬಾರ್‌ಟೆಂಡರ್ ಎನ್ನುವುದಿಲ್ಲ, ಅದು ಬೇರೆ ವಿಷಯ. ಕೋರ್ಸಿಗೆ ಹಣ ಕಟ್ಟುವ ಮೊದಲು ಒಂದು ಶನಿವಾರ ರಾತ್ರಿ, ಬರೀ ಸೋಡಾ ತರಿಸಿಕೊಂಡು, ಅವನ ಕೆಲಸವನ್ನು ಬಾಗಿಲು ಹಾಕುವವರೆಗೆ ನೋಡಬಹುದು.