ಜಾಗ ಇಲ್ಲ ಅನ್ನೋ ನೆಪ

ಕಳೆದ ತಿಂಗಳು ಹಾಸನದಿಂದ ಅಮ್ಮ ಫೋನ್ ಮಾಡಿದ್ದಳು. ವಿಮೆ ಕಂತು ಕಟ್ಟೋ ವೆಬ್‌ಸೈಟು ಬರೀ ಇಂಗ್ಲಿಷಲ್ಲಿ ಬರ್ತಿದೆ, ಕನ್ನಡಕ್ಕೆ ಬದಲಾಯಿಸೋದು ಹೇಗೆ ಅಂತ. ನಾನು ಆಫೀಸಲ್ಲಿ ಲ್ಯಾಪ್‌ಟಾಪ್ ಮುಂದಿದ್ದೆ, ಅದೇ ಪುಟ ತೆಗೆದೆ.

“ಮೇಲೆ ಬಲಗಡೆ ಮೂಲೇಲಿ ‘ಕನ್ನಡ’ ಅಂತಿದೆ ನೋಡು.”

“ಇಲ್ವಲ್ಲೋ.”

“ಸರಿಯಾಗಿ ನೋಡಮ್ಮ, ಇದೆ.”

“ಕನ್ನಡಕ ಹಾಕ್ಕೊಂಡೇ ನೋಡ್ತಿದೀನಿ. ಇಲ್ಲ.”

ಸ್ಪೀಕರ್ ಹಾಕಿಕೊಂಡು ಹತ್ತು ನಿಮಿಷ ಇದೇ ಜಗಳ. ಕೊನೆಗೆ ಅನುಮಾನ ಬಂದು ನನ್ನ ಬ್ರೌಸರ್ ಕಿಟಕಿಯನ್ನ ಎಳೆದು ಕಿರಿದು ಮಾಡಿದೆ. ಅಗಲ 768 ಪಿಕ್ಸೆಲ್‌ಗಿಂತ ಕಡಿಮೆ ಆದ ಕೂಡಲೇ ‘ಕನ್ನಡ’ ಮಾಯ. ಮೂರು ಗೆರೆಯ ಮೆನುವಿನೊಳಗೂ ಇಲ್ಲ. ಅಮ್ಮ ಹೇಳಿದ್ದೇ ಸರಿ.

ಇದು ಬಗ್ ಆಗಿದ್ದಿದ್ರೆ ನಾನಿಲ್ಲಿ ಬರೀತಾನೇ ಇರಲಿಲ್ಲ. ಬಗ್‌ಗಳನ್ನ ನಾನೂ ಬೇಕಾದಷ್ಟು ಹೆತ್ತಿದ್ದೇನೆ. ಇದು ತೀರ್ಮಾನ. ಯಾರೋ ಕೂತು ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬರೆದಿದ್ದಾರೆ: ಪರದೆ ಇಷ್ಟಕ್ಕಿಂತ ಚಿಕ್ಕದಿದ್ದರೆ ಡಿಸ್‌ಪ್ಲೇ ನನ್. ಆ ‘ಯಾರೋ’ ನನಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ನಾನೂ ಅದೇ ಕೆಲಸದವನು. ಡಿಸೈನ್ ಬರೋದು 1440 ಪಿಕ್ಸೆಲ್ ಅಗಲದಲ್ಲಿ. ಅದರಲ್ಲಿ ಎಲ್ಲಾ ಚಂದ. ಫೋನಲ್ಲಿ ತೆಗೆದು ನೋಡಿದ್ರೆ ಹೆಡರ್ ಎರಡು ಸಾಲಾಗಿ ಒಡೆದಿರುತ್ತೆ. ಶುಕ್ರವಾರ ಸಂಜೆ ಆರು ಗಂಟೆ, ರಿಲೀಸ್ ಬೇರೆ. “ಮೊಬೈಲಲ್ಲಿ ಹೈಡ್ ಮಾಡ್ಬಿಡಿ” ಅಂತ ಮೀಟಿಂಗಲ್ಲಿ ಯಾರೋ ಅಂತಾರೆ. ಬೂಟ್‌ಸ್ಟ್ರಾಪ್‌ನ ‘ಡಿ-ನನ್ ಡಿ-ಎಂಡಿ-ಬ್ಲಾಕ್’ ಅಂಟಿಸಿದ್ರೆ ಆಯ್ತು, ಎಲ್ಲರೂ ಮನೆಗೆ. ಅಂದಹಾಗೆ ಈ 768 ಅನ್ನೋದು ಮೊದಲನೇ ಐಪ್ಯಾಡನ್ನ ನೆಟ್ಟಗೆ ಹಿಡಿದಾಗಿನ ಅಗಲ. 2010ರಲ್ಲಿ ಬಂದ ಒಂದು ಸಾಧನದ ಅಳತೆ ನನ್ನ ಅಮ್ಮನಿಗೆ ಕನ್ನಡ ಸಿಗಬೇಕಾ ಬೇಡವಾ ಅಂತ ಗೆರೆ ಎಳೀತಿದೆ.

ಅದೇ ವರ್ಷ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಅಂತ ಲೇಖನ ಬರೆದ. ಹಿಗ್ಗಿ ಕುಗ್ಗೋ ಗ್ರಿಡ್, ಹಿಗ್ಗಿ ಕುಗ್ಗೋ ಚಿತ್ರ, ಜೊತೆಗೆ ಮೀಡಿಯಾ ಕ್ವೆರಿ: ಮೂರೂ ಸೇರಿದ್ರೆ ಒಂದೇ ಪುಟ ಎಲ್ಲಾ ಪರದೆಗೂ ಬಾಗುತ್ತೆ ಅನ್ನೋದು ಅವನ ಮಾತು. ನಾವು ಮಾಡಿದ್ದೇನು? ಬಾಗಿಸೋ ಕಷ್ಟ ಬಿಟ್ಟು, ಮೀಡಿಯಾ ಕ್ವೆರಿಯನ್ನ ಕತ್ತರಿ ಮಾಡ್ಕೊಂಡ್ವಿ.

“ಜಾಗ ಇಲ್ಲ ಸಾರ್” ಅಂತಾರೆ. ಅಲ್ರೀ, ಅದೇ ಫೋನಲ್ಲಿ ‘ಆ್ಯಪ್ ಇನ್‌ಸ್ಟಾಲ್ ಮಾಡಿ’ ಅನ್ನೋ ಪಟ್ಟಿಗೆ ಜಾಗ ಇದೆ. ಹಬ್ಬದ ಆಫರ್ ಬ್ಯಾನರ್‌ಗೆ ಇದೆ. ಕೆಳಗಡೆ ಮೂಲೇಲಿ ಕುಣಿಯೋ ಚಾಟ್ ಗುಳ್ಳೆಗೂ ಇದೆ. ಇಲ್ಲದಿರೋದು ಭಾಷೆಯ ಕೊಂಡಿಗೆ, ಸಹಾಯವಾಣಿ ನಂಬರ್‌ಗೆ, ಹಣ ವಾಪಸಾತಿ ನಿಯಮಕ್ಕೆ, ಹೋಲಿಕೆ ಪಟ್ಟಿಯ ಕೊನೇ ಎರಡು ಕಾಲಮ್ಮಿಗೆ. ಜಾಗದ ಕೊರತೆ ಯಾವಾಗಲೂ ಬಳಸೋರ ಪಾಲಿಗೇ ಬರೋದು ಹೇಗೆ? ಫೋನ್ ಪರದೆ ಅಗಲದಲ್ಲಿ ಚಿಕ್ಕದು, ಉದ್ದಕ್ಕೆ ಮಿತಿಯೇ ಇಲ್ಲ. ಗಂಟೆಗಟ್ಟಲೆ ರೀಲ್ಸ್ ತಳ್ಳೋ ಜನ ಇನ್ನೊಂದು ಸಾಲು ತಳ್ಳಲ್ವಾ?

ಬಚ್ಚಿಟ್ಟರೆ ಪುಟ ಹಗುರ ಆಗುತ್ತೆ ಅನ್ನೋ ನಂಬಿಕೆ ಬೇರೆ. ಡಿಸ್‌ಪ್ಲೇ ನನ್ ಹಾಕಿದ ಮಾತ್ರಕ್ಕೆ ಆ ಭಾಗ ಪುಟದಿಂದ ಹೋಗಲ್ಲ. ಎಚ್‌ಟಿಎಮ್‌ಎಲ್ ಪೂರ್ತಿ ಇಳಿಯುತ್ತೆ. ಅದರೊಳಗೆ ಮಾಮೂಲಿ ಇಮೇಜ್ ಟ್ಯಾಗ್‌ನಲ್ಲಿ ಚಿತ್ರ ಇದ್ದರೆ ಸಾಮಾನ್ಯವಾಗಿ ಅದೂ ಇಳಿಯುತ್ತೆ. ದೋಸೆ ಟೇಬಲ್ಲಿಗೆ ಬಂತು, ಮೇಲೆ ಮುಚ್ಚಳ ಹಾಕಿದ್ದಾರೆ, ತೆಗೆಯೋ ಹಾಗಿಲ್ಲ, ಬಿಲ್ ಮಾತ್ರ ಪೂರ್ತಿ. ಇನ್ನು ಸ್ಕ್ರೀನ್ ರೀಡರ್ ಬಳಸೋರಿಗೂ ಅದು ಸಿಗಲ್ಲ. ಕಣ್ಣಿಗಷ್ಟೇ ಅಲ್ಲ, ಕಿವಿಗೂ ಮುಚ್ಚಳ.

ಇದು ಫೋನಿನವರ ಗೋಳು ಮಾತ್ರ ಅಂದ್ಕೋಬೇಡಿ. 1280 ಪಿಕ್ಸೆಲ್ ಅಗಲದ ಲ್ಯಾಪ್‌ಟಾಪಲ್ಲಿ 400% ಝೂಮ್ ಮಾಡಿ ನೋಡಿ. ಸಿಎಸ್‌ಎಸ್ ಲೆಕ್ಕದಲ್ಲಿ ನಿಮ್ಮ ಪರದೆ ಈಗ 320 ಪಿಕ್ಸೆಲ್. ಮೀಡಿಯಾ ಕ್ವೆರಿಗೆ ಅದು ಫೋನೇ. ಅಂದ್ರೆ ದೃಷ್ಟಿ ಮಂದ ಇದ್ದು ಅಕ್ಷರ ದೊಡ್ಡದು ಮಾಡ್ಕೊಂಡು ಓದೋರಿಗೆ, ದೊಡ್ಡ ಪರದೆ ಕೊಂಡ್ರೂ ಸಿಗೋದು ಕತ್ತರಿಸಿದ ಪುಟ. 2018ರ ಡಬ್ಲ್ಯುಸಿಎಜಿ 2.1 ಮಾನದಂಡದ 1.4.10ನೇ ಅಂಶ ಹೇಳೋದು ಇದನ್ನೇ: 320 ಪಿಕ್ಸೆಲ್ ಅಗಲದಲ್ಲೂ ಮಾಹಿತಿ, ಸೌಲಭ್ಯ ಕಳೆದುಹೋಗಬಾರದು. ನಮ್ಮ ಚೆಕ್‌ಲಿಸ್ಟಲ್ಲೂ ಇದಿದೆ. ಟಿಕ್ ಹಾಕಿ ಮುಂದೆ ಹೋಗ್ತೀವಿ, ಅಷ್ಟೇ.

ಹಂಗಂತ ಏನನ್ನೂ ಅಡಗಿಸಲೇಬಾರದು ಅಂತಲ್ಲ. ಬರೀ ಅಲಂಕಾರದ ಚಿತ್ರ ಹೋಗಲಿ ಬಿಡಿ. ಉದ್ದದ ಮೆನು ಮೂರು ಗೆರೆಯ ಹಿಂದೆ ಹೋದ್ರೂ ತಕರಾರಿಲ್ಲ, ಅದು ಒಂದು ಒತ್ತಿಗೆ ಸಿಗುತ್ತೆ. ಮಡಚಿಡೋದು ಬೇರೆ, ಬಿಸಾಕೋದು ಬೇರೆ. ಫೋನಲ್ಲಿ ಬೇಡ ಅನಿಸಿದ್ದು ದೊಡ್ಡ ಪರದೆಗಾದ್ರೂ ಯಾಕೆ ಬೇಕು ಅಂತ ಒಮ್ಮೆ ಕೇಳಿ, ಬೇಡವಾದ್ರೆ ಎರಡೂ ಕಡೆ ಕಿತ್ತುಹಾಕಿ. ಬೇಕಾದ್ರೆ ಎರಡೂ ಕಡೆ ಇಡಿ. ಆ ‘ಕನ್ನಡ’ ಕೊಂಡಿಗೆ ಬೇಕಿದ್ದದ್ದು ‘ಫ್ಲೆಕ್ಸ್-ರ್‍ಯಾಪ್’ ಅನ್ನೋ ಒಂದು ಸಾಲು.

ಅವತ್ತು ಅಮ್ಮನಿಗೆ ಹೇಳಿದೆ: “ಫೋನ್ ಅಡ್ಡ ಹಿಡಿ.” ಅಗಲ 768 ದಾಟಿತು, ‘ಕನ್ನಡ’ ಬಂತು. “ಅಯ್ಯೋ, ಇದೇನೋ ಇದು!” ಅಂದಳು. ಈಗ ಕಂತು ಕಟ್ಟೋವಾಗೆಲ್ಲ ಫೋನ್ ಅಡ್ಡ ಹಿಡೀತಾಳೆ, ಪಕ್ಕದ ಮನೆಯವರಿಗೂ ಕಲಿಸಿದ್ದಾಳಂತೆ.

ಮಾರನೇ ದಿನ ನಮ್ಮದೇ ಕೋಡ್ ಹುಡುಕಿದೆ. ಸಹಾಯವಾಣಿ ನಂಬರನ್ನ ಫೋನಲ್ಲಿ, ಅಂದ್ರೆ ಒತ್ತಿದ್ರೆ ನೇರ ಕರೆ ಹೋಗೋ ಸಾಧನದಲ್ಲೇ, ಅಡಗಿಸಿದ್ದ ಸಾಲು ಸಿಕ್ಕಿತು. ಬರೆದವರು ಯಾರು ಅಂತ ಗಿಟ್‌ನಲ್ಲಿ ನೋಡಿದೆ. ನನ್ನದೇ ಹೆಸರು. ತೆಗೆದು ಕಳಿಸಿದ್ದೇನೆ. ಹೆಡರ್ ಎರಡು ಸಾಲಾಗುತ್ತೆ ಅಂತ ಡಿಸೈನ್‌ನವರು ಇನ್ನೂ ಒಪ್ಪಿಲ್ಲ.