ತಣಿಸುವ ನೀರಿನ ಆರೈಕೆ

ಕಡಲನ್ನು ಕಾಣದ ನಮ್ಮ ಹುಬ್ಬಳ್ಳಿಗೂ ಹಡಗಿನ ಯಂತ್ರಕ್ಕೂ ಏನು ಸಂಬಂಧವೆಂದು ಕೇಳುವವರು, ಇಲ್ಲಿಯ ಡೀಸೆಲ್ ಲೋಕೋ ಶೆಡ್ಡಿನ ಆರೈಕೆಯಲ್ಲಿರುವ ಅನೇಕ ರೈಲು ಎಂಜಿನ್ನುಗಳ ಹೃದಯವಾದ ಇಎಂಡಿ 710 ಶ್ರೇಣಿಯ ಯಂತ್ರವೇ ಹಡಗುಗಳಲ್ಲಿಯೂ ದುಡಿಯುತ್ತದೆಂಬುದನ್ನು ಅರಿತರೆ ವಿಸ್ಮಿತರಾದಾರು. ಉರಿಯುವ ಇಂಧನದ ಶಾಖದಲ್ಲಿ ಅರ್ಧಕ್ಕೂ ಮಿಕ್ಕ ಭಾಗವು ಕೆಲಸಕ್ಕೆ ಒದಗದೆ ಉಳಿಯುವುದರಿಂದ, ಅದರಲ್ಲೊಂದು ಪಾಲನ್ನು ಹೊತ್ತೊಯ್ಯುವ ನೀರೇ ಯಂತ್ರದ ಪ್ರಾಣರಕ್ಷಕ. ರೈಲಿನಲ್ಲಿ ಆ ನೀರನ್ನು ರೇಡಿಯೇಟರಿನ ಗಾಳಿ ತಣಿಸಿದರೆ, ದೋಣಿಯಲ್ಲಿ ಸಾಗರವೇ ತಣಿಸುತ್ತದೆ. ಆದರೆ ತಣಿಸುವ ಉಪ್ಪುನೀರೇ ಲೋಹವನ್ನು ತಿನ್ನುವುದೂ ಉಂಟು. ಆದಕಾರಣ, ತನ್ನನ್ನೇ ಸವೆಸಿಕೊಂಡು ಕೊಳವೆಗಳನ್ನು ಕಾಯುವ ಸತುವಿನ ತುಂಡನ್ನು ಅರ್ಧ ಸವೆಯುವಷ್ಟರಲ್ಲಿ ಬದಲಿಸುವುದೂ, ಪಂಪಿನ ರಬ್ಬರು ಚಕ್ರವನ್ನೂ ಜಾಲರಿಯನ್ನೂ ಪರೀಕ್ಷಿಸುವುದೂ, ಒಳಗಿನ ಸಿಹಿನೀರಿಗೆ ತುಕ್ಕುನಿರೋಧಕವನ್ನು ಬೆರೆಸುವುದೂ ಅವಶ್ಯಕರ್ತವ್ಯಗಳು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆಯ ನಿಷೇಧಕಾಲದಲ್ಲಿ ಕಾರವಾರ, ಮಲ್ಪೆಗಳ ಯಾಂತ್ರೀಕೃತ ದೋಣಿಗಳು ವಿಶ್ರಮಿಸುವಾಗ, ಬಣ್ಣಕ್ಕೂ ಬಲೆಗೂ ಸಲ್ಲುವ ಗಮನದ ಒಂದಂಶವಾದರೂ ಕಣ್ಣಿಗೆ ಕಾಣದ ಈ ಕೊಳವೆಗಳಿಗೆ ಸಲ್ಲಬೇಕು. ನಿಯತಕಾಲದ ತಪಾಸಣೆಯೆಂಬ ಶೆಡ್ಡಿನ ಶಿಸ್ತು ಘಟ್ಟವಿಳಿದು ಬಂದರನ್ನು ಮುಟ್ಟಲಿ. ದಾರಿಯಲ್ಲಿ ಕೆಟ್ಟು ನಿಂತ ರೈಲಿಗೆ ಮತ್ತೊಂದು ಎಂಜಿನ್ನು ಬಂದೀತು. ನಡುಗಡಲಿನಲ್ಲಿ ಕಾದು ನಿಂತ ದೋಣಿಗೆ ಯಾರು ದಿಕ್ಕು?